ಪಾಠದ ಚಾಟ್‌ಬಾಟ್ ಇರಲಿ, ‘ಮೆಂಟರ್’ ಆಫ್ ಇರಲಿ: ಎರಡು ವರ್ಷ ಬಳಸಿದ ಮೇಲೆ

ಎಐ ಚಾಟ್‌ಬಾಟ್ ಸೇವೆಯೊಂದನ್ನು ನಮ್ಮ ಶಾಲೆಯಲ್ಲಿ ಎಂಟರಿಂದ ಹತ್ತನೇ ತರಗತಿವರೆಗೆ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಮಾಧ್ಯಮದಲ್ಲಿ, ಎರಡು ಶೈಕ್ಷಣಿಕ ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ ಇದು. ಶಾಲೆಗಳಿಗೆಂದೇ ಮಾರುವ ಚಂದಾ ಸೇವೆ, ಒಳಗೆ ಎರಡು ಭಾಗ. ಒಂದು, ಪಾಠದ ಸಂದೇಹ ಕೇಳುವ ಚಾಟ್‌ಬಾಟ್. ಇನ್ನೊಂದು ‘ವರ್ಚುವಲ್ ಮೆಂಟರ್’. ಹೆಸರು, ಮುಖ ಎರಡೂ ಇಟ್ಟುಕೊಂಡು ಮಗುವಿನ ಜೊತೆ ಗೆಳೆಯನ ಹಾಗೆ ಮಾತಾಡುತ್ತದೆ. ಮೊದಲನೆಯದಕ್ಕೆ ಐದಕ್ಕೆ ಮೂರೂವರೆ ಕೊಡುತ್ತೇವೆ. ಎರಡನೆಯದನ್ನು ಆಫ್ ಮಾಡಿಸಿದ್ದೇವೆ, ಹೊಸದಾಗಿ ಕೊಳ್ಳುವವರೂ ಹಾಗೇ ಮಾಡಿ.

ಪಾಠದ ಭಾಗದಲ್ಲಿ ದಿಕ್ಕು ತಪ್ಪಿಸುವುದು ರಾಜಾರೋಷವಾದ ತಪ್ಪಲ್ಲ, ಅರ್ಧ ಸರಿ ಇರುವ ಉತ್ತರ. ಹತ್ತನೇ ತರಗತಿಯ ಬೆಳಕಿನ ಪಾಠವನ್ನೇ ನೋಡಿ. ಪೀನ ಮಸೂರದ ಸಂಗಮ ದೂರ 10 ಸೆಂ.ಮೀ., ವಸ್ತು ಇರುವುದು 15 ಸೆಂ.ಮೀ. ದೂರದಲ್ಲಿ. ನಮ್ಮ ಪಠ್ಯದ ಚಿಹ್ನೆ ಪದ್ಧತಿಯಲ್ಲಿ ವಸ್ತು ದೂರ −15, ಸೂತ್ರ 1/ವಿ − 1/ಯು = 1/ಎಫ್, ಉತ್ತರ, ಅಂದರೆ ಪ್ರತಿಬಿಂಬದ ದೂರ, 30 ಸೆಂ.ಮೀ. (ಯು ವಸ್ತು ದೂರ, ವಿ ಪ್ರತಿಬಿಂಬದ ದೂರ, ಎಫ್ ಸಂಗಮ ದೂರ). ಬಾಟ್ ಕೆಲವು ಸಲ ಹೊರದೇಶದ ಪಠ್ಯಗಳ ರೀತಿಯಲ್ಲಿ ಅದೇ ಸೂತ್ರವನ್ನು ಕೂಡಿಸುವ ಚಿಹ್ನೆ ಹಾಕಿ ಹೇಳಿಕೊಡುತ್ತದೆ. ಆ ಪದ್ಧತಿಯಲ್ಲಿ ವಸ್ತು ದೂರಕ್ಕೆ ಮೈನಸ್ ಇಲ್ಲದಿರುವುದರಿಂದ ಅದರ ಲೆಕ್ಕ ಅದಕ್ಕೆ ಸರಿಯೇ. ಆದರೆ ಮಗು ಸೂತ್ರವನ್ನು ಬಾಟ್‌ನಿಂದಲೂ −15 ಅನ್ನು ಪುಸ್ತಕದಿಂದಲೂ ತೆಗೆದುಕೊಂಡರೆ 6 ಸೆಂ.ಮೀ. ಬರುತ್ತದೆ. ತಪ್ಪು ಎಲ್ಲಾಯಿತೆಂದು ಆ ಮಗುವಿಗೆ ಹೊಳೆಯುವುದೇ ಇಲ್ಲ.

ಪರಿಹಾರ ಇದೆ. ಅಡ್ಮಿನ್ ಪುಟದ ಆರಂಭಿಕ ಸೂಚನೆಯಲ್ಲಿ ಚಿಹ್ನೆ ಪದ್ಧತಿಯನ್ನು ಒಂದು ಉದಾಹರಣೆಯ ಸಮೇತ ಬರೆಯಿರಿ. ಪಠ್ಯದ ಪಿಡಿಎಫ್ ಏರಿಸಿ, ‘ಇದರಿಂದಲೇ ಉತ್ತರಿಸು, ಪುಟ ಸಂಖ್ಯೆ ಕೊಡು, ಇಲ್ಲದಿದ್ದರೆ ಇಲ್ಲ ಎನ್ನು’ ಎಂದು ಹಾಕಿ. ಇಲ್ಲೇ ಒಂದು ಗುಂಡಿ ಇದೆ: ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ. ಅದನ್ನು ಏರಿಸಿದರೆ ಬಾಟ್ ದೂರು ಹೇಳುವುದಿಲ್ಲ, ಸುಮ್ಮನೆ ತನ್ನ ನೆನಪಿನಿಂದ ಉತ್ತರಿಸುತ್ತಾ ಹೋಗುತ್ತದೆ. ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಇಂಗ್ಲಿಷ್ ಅಕ್ಷರಗಳ ಚಿತ್ತಾರ ಬಂದರೆ ಯೂನಿಕೋಡಿಗೆ ಬದಲಾಯಿಸದೆ ಏರಿಸಬೇಡಿ. ಪಠ್ಯ ‘ದ್ಯುತಿಸಂಶ್ಲೇಷಣೆ’ ಎನ್ನುವ ಕಡೆ ಬಾಟ್‌ನ ಉತ್ತರದಲ್ಲಿ ‘ಪ್ರಕಾಶ ಸಂಶ್ಲೇಷಣೆ’ ಎಂದು ಬರುತ್ತಿದ್ದರೆ ಪಠ್ಯ ಒಳಗೆ ಸೇರಿಲ್ಲವೆಂದೇ ಅನುಮಾನಿಸಿ.

ಕನ್ನಡ ಭಾಷಾ ಪಾಠದಲ್ಲಿ ಇನ್ನೂ ಎಚ್ಚರ ಬೇಕು. ‘ಕೋಪದ ಬಗ್ಗೆ ಬಸವಣ್ಣನವರ ವಚನ ಕೊಡು’ ಎಂದರೆ ಇಲ್ಲದ ವಚನವೊಂದನ್ನು ಕಟ್ಟಿ, ಕೊನೆಗೆ ಕೂಡಲಸಂಗಮದೇವ ಎಂದು ಅಂಕಿತವನ್ನೂ ಒತ್ತಿ ಕೊಡುತ್ತದೆ. ಅಂಕಿತ ಸರಿಯಾಗಿರುವುದರಿಂದ ಮಕ್ಕಳಷ್ಟೇ ಅಲ್ಲ, ಭಾಷಣ ಬರೆಯುವ ಹೊತ್ತಿನಲ್ಲಿ ದೊಡ್ಡವರೂ ನಂಬುತ್ತಾರೆ. ವಚನ, ಕೀರ್ತನೆ, ಗಾದೆಗಳನ್ನು ಬಾಟ್‌ನಿಂದ ತೆಗೆದುಕೊಳ್ಳಕೂಡದು ಎಂಬ ನಿಯಮ ಮಾಡಿ. ‘ವಚನ ಸಂಚಯ’ದ ಜಾಲತಾಣದಲ್ಲಿ ಪದ ಹುಡುಕಿದರೆ ನಿಜವಾದುದು ಸಿಗುತ್ತದೆ.

ಮಕ್ಕಳು ಬಾಟ್‌ನಿಂದ ಬರೆಸಿದ್ದಾರೋ ಎಂದು ಹಿಡಿಯುವ ‘ಡಿಟೆಕ್ಟರ್’ಗೆ ಹೆಚ್ಚುವರಿ ದುಡ್ಡು ಕೊಡಬೇಡಿ. ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಕಂಪನಿ ತಾನೇ ಮಾಡಿದ್ದ ಅಂಥ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ನಿಲ್ಲಿಸಿತು. ಬರೆದದ್ದರ ಬಗ್ಗೆ ಎರಡು ನಿಮಿಷ ಬಾಯಿಮಾತಿನಲ್ಲಿ ಪ್ರಶ್ನೆ ಕೇಳಿದರೆ ಎಲ್ಲ ತಿಳಿಯುತ್ತದೆ.

ಈಗ ಮೆಂಟರ್ ವಿಷಯ. ಬಾಟ್‌ಗಳಿಗೆ ಹೂಂಗುಟ್ಟುವ ಚಾಳಿ ಇದೆ. ಚಾಟ್‌ಜಿಪಿಟಿಯ ಒಂದು ಅಪ್‌ಡೇಟ್ ಮಿತಿಮೀರಿ ಹೊಗಳುತ್ತಿದೆಯೆಂದು 2025ರ ಏಪ್ರಿಲ್‌ನಲ್ಲಿ ಕಂಪನಿಯೇ ಅದನ್ನು ಹಿಂತೆಗೆದುಕೊಂಡಿತು. ಮಾತು ಉದ್ದವಾದಷ್ಟೂ ಸುರಕ್ಷತೆಯ ಕಟ್ಟು ಸಡಿಲವಾಗಬಹುದೆಂದು ಅದೇ ವರ್ಷದ ಆಗಸ್ಟ್‌ನಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು. ಪಾತ್ರಗಳ ರೂಪದಲ್ಲಿ ಮಾತಾಡುವ ಬಾಟ್‌ಗಳ ಕ್ಯಾರೆಕ್ಟರ್ ಎಐ ಕಂಪನಿ ಅದೇ ವರ್ಷದ ನವೆಂಬರ್‌ನಲ್ಲಿ 18ರೊಳಗಿನವರಿಗೆ ಮುಕ್ತ ಸಂಭಾಷಣೆಯನ್ನೇ ಮುಚ್ಚಿತು. ಹದಿನಾಲ್ಕರ ಮಗುವಿಗೆ ರಾತ್ರಿ ಹೊತ್ತು ಎದುರು ಮಾತಾಡದ, ಬೇಸರಿಸಿಕೊಳ್ಳದ ಗೆಳೆಯ ಸಿಕ್ಕರೆ ಅಮ್ಮನಿಗೋ ಟೀಚರಿಗೋ ಹೇಳಬೇಕಾದದ್ದು ಅಲ್ಲೇ ಉಳಿದುಬಿಡುತ್ತದೆ. ನಮ್ಮನ್ನು ನಿಜಕ್ಕೂ ಹೆದರಿಸಿದ್ದು ಇದೇ.

ಮೆಂಟರ್ ಆಫ್ ಇದ್ದರೂ ಮಗು ಪಾಠದ ಬಾಟ್‌ಗೇ ಕಷ್ಟ ಹೇಳಿಕೊಳ್ಳಬಹುದು. ‘ಅಪಾಯದ ಮಾತು ಬಂದರೆ ಅಲರ್ಟ್ ಕಳಿಸುತ್ತೇವೆ’ ಎಂದು ಮಾರಾಟದವರು ಹೇಳುತ್ತಾರೆ. ಯಾವ ಭಾಷೆಯಲ್ಲಿ ಎಂದು ಕೇಳಿ. ನಮ್ಮ ಮಕ್ಕಳು ಬರೆಯುವುದು ಅಚ್ಚುಕಟ್ಟು ಇಂಗ್ಲಿಷಿನಲ್ಲಲ್ಲ. ‘ಯಾರಿಗೂ ನಾನು ಬೇಡ’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ, ಸ್ವರ ನುಂಗಿ ಬರೆಯುತ್ತಾರೆ; ಧಾರವಾಡದ ಕಡೆಯ ಮಗು ‘ಎಲ್ಲಾ ಸಾಕಾಗೇತ್ರಿ’ ಎನ್ನುತ್ತದೆ. ಅಲರ್ಟ್ ಎಡವುವುದು ಇಲ್ಲೇ. ಆದ್ದರಿಂದ 30 ವಾಕ್ಯದ ಪರೀಕ್ಷಾ ಪಟ್ಟಿ ಮಾಡಿಕೊಳ್ಳಿ: 10 ಕನ್ನಡ ಲಿಪಿಯಲ್ಲಿ, 10 ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, 10 ಆಡುಮಾತಿನಲ್ಲಿ. ಸಾಯುವ ಮಾತೊಂದೇ ಸಾಲದು. ಮನೆಯಲ್ಲಿ ಹೊಡೆತ, ಯಾರೋ ಮುಟ್ಟಿದ್ದು, ಊಟ ಬಿಟ್ಟದ್ದು, ಫೋಟೋ ಹಾಕುತ್ತೇನೆಂಬ ಬೆದರಿಕೆ, ಎಲ್ಲವೂ ಇರಲಿ. ಆಪ್ತ ಸಮಾಲೋಚಕರನ್ನು ಕೂರಿಸಿಕೊಂಡು ದೊಡ್ಡವರೇ ಟೈಪ್ ಮಾಡಬೇಕು. ಹಿಂದಿನ ತಿಂಗಳು ಗೆದ್ದ ವಾಕ್ಯ ಅಪ್‌ಡೇಟ್ ಆದಮೇಲೆ ಸೋಲಬಹುದು, ಹಾಗಾಗಿ ಪ್ರತಿ ಅಪ್‌ಡೇಟಿಗೂ ಪೂರ್ತಿ ಪಟ್ಟಿ ಮತ್ತೆ ನಡೆಸಿ.

ಅಲರ್ಟ್ ಬಂತೆಂದೇ ಇಟ್ಟುಕೊಳ್ಳಿ, ಅದು ಹೋಗುವುದು ಎಲ್ಲಿಗೆ? ಸೆಟ್ಟಿಂಗ್ಸ್‌ನಲ್ಲಿ ಸಾಮಾನ್ಯವಾಗಿ ಶಾಲೆಯ ಕಚೇರಿಯ ಇಮೇಲ್ ಇರುತ್ತದೆ. ಶನಿವಾರ ರಾತ್ರಿ ಬಂದದ್ದನ್ನು ಸೋಮವಾರ ಗುಮಾಸ್ತರು ತೆರೆಯುತ್ತಾರೆ. ಇಬ್ಬರು ಶಿಕ್ಷಕರ ಫೋನಿಗೆ ಎಸ್‌ಎಂಎಸ್ ಹೋಗುವಂತೆ ಮಾಡಿ, ಮತ್ತು ಪಾಠದ ಚಾಟ್‌ಬಾಟನ್ನೂ ಆ ಇಬ್ಬರು ಎಚ್ಚರವಿರುವ ಹೊತ್ತಿಗಷ್ಟೇ ತೆರೆದಿಡಿ. ನಾವು ಇಟ್ಟಿರುವುದು ಬೆಳಗ್ಗೆ 9ರಿಂದ ಸಂಜೆ 6. ಒಂದು ಸಲಕ್ಕೆ 20 ಸಂದೇಶ, ಆಮೇಲೆ ಹೊಸ ಪುಟ. ಹಳೆಯ ಮಾತಿನ ನೆನಪು ಆಫ್. ಕಷ್ಟದ ಮಾತು ಬಂದ ತಕ್ಷಣ ಬಾಟ್ ಸಲಹೆ ಕೊಡುತ್ತಾ ಕೂರದೆ, ಶಾಲೆಯಲ್ಲಿ ಯಾರ ಹತ್ತಿರ ಹೋಗಬೇಕು ಎಂಬುದನ್ನೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಎಂಬ ಎರಡು ಸಂಖ್ಯೆಗಳನ್ನೂ ತೋರಿಸಿ ನಿಲ್ಲಬೇಕು. ಎರಡೂ ದಿನದ 24 ಗಂಟೆ ಸಿಗುತ್ತವೆ.

ಮಾಹಿತಿಯ ವಿಷಯಕ್ಕೆ ಬಂದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಪೋಷಕರ ಖಚಿತ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅವು ಪೂರ್ತಿ ಜಾರಿಯಾಗುವ ತನಕ ಕಾಯುತ್ತಾ ಕೂರಬೇಡಿ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ ಸಹಿ ಹಾಕಿಸಿಕೊಳ್ಳಿ. ಲಾಗಿನ್‌ಗೆ ಮಗುವಿನ ಹೆಸರಾಗಲಿ ಸ್ಯಾಟ್ಸ್ ಸಂಖ್ಯೆಯಾಗಲಿ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಸಂಖ್ಯೆ) ಬೇಡ. ‘9ಬಿ-17’ ಎಂಬಂಥ ಗುರುತು ಸಾಕು. ಯಾವ ಗುರುತು ಯಾರದೆಂಬ ಪಟ್ಟಿ ಕಾಗದದಲ್ಲಿ ಮುಖ್ಯಶಿಕ್ಷಕರ ಬೀರುವಿನಲ್ಲಿರಲಿ, ಒಂದು ಪ್ರತಿ ಅಲರ್ಟ್ ನೋಡುವ ಇಬ್ಬರ ಕೈಯಲ್ಲಿ. ಬೀರುವಿನ ಕೀ ಹುಡುಕುವಷ್ಟು ಹೊತ್ತು ಅಂಥ ದಿನ ಇರುವುದಿಲ್ಲ.

ಒಪ್ಪಂದ ನವೀಕರಿಸುವ ಮುಂಚೆ ಲಾಸ್ ಏಂಜಲೀಸ್ ಶಾಲಾ ಜಿಲ್ಲೆಯ ‘ಎಡ್’ ಚಾಟ್‌ಬಾಟ್ ನೆನಪಿರಲಿ. 2024ರ ಮಾರ್ಚ್‌ನಲ್ಲಿ ದೊಡ್ಡ ಸದ್ದಿನೊಂದಿಗೆ ಶುರುವಾಯಿತು. ಕೆಲವೇ ತಿಂಗಳಲ್ಲಿ ಅದನ್ನು ಮಾಡಿದ ಕಂಪನಿ ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು, ಬಾಟ್ ನಿಂತಿತು. ಹಾಗಾಗಿ ಮೂರು ಸಾಲು ಬರೆಸಿಕೊಳ್ಳಿ: ಮಕ್ಕಳ ಮಾತನ್ನು ಬಾಟ್‌ನ ಹಿಂದಿರುವ ಎಐ ಮಾದರಿಯ ತರಬೇತಿಗೆ ಬಳಸುವುದಿಲ್ಲ, ಸೇವೆ ನಿಂತ 30 ದಿನದೊಳಗೆ ಎಲ್ಲವನ್ನೂ ಅಳಿಸಿ ಲಿಖಿತವಾಗಿ ತಿಳಿಸುತ್ತೇವೆ, ಆ ಎಐ ಮಾದರಿ ಬದಲಾಯಿಸುವ 15 ದಿನ ಮುಂಚೆ ಹೇಳುತ್ತೇವೆ. ಮೂರನೆಯದಕ್ಕೆ ಅವರು ತಕರಾರು ತೆಗೆಯುತ್ತಾರೆ. ಬಿಡಬೇಡಿ, ಆ 30 ವಾಕ್ಯಗಳನ್ನು ಮಕ್ಕಳು ಕೂರುವ ಮುಂಚೆ ಓಡಿಸಿ ನೋಡಲು ಸಿಗುವುದು ಆ 15 ದಿನ ಮಾತ್ರ.