ಆಟೋ ಕಾಂಪ್ಲೆಕ್ಸಿನ ಲೇತಲ್ಲಿ ಮಾಡ್ಸಿದ ಬೆಂಚ್‌ರೆಸ್ಟ್ ಸ್ಟ್ಯಾಂಡು, ಎಂಟು ತಿಂಗ್ಳು ಬಳಸಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಕೊಟ್ಟ ದುಡ್ಡಿಗೆ ಒಂಚೂರೂ ಬೇಜಾರಿಲ್ಲ. ಶಿವಮೊಗ್ಗದ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್ ಒಳಗೆ ಒಂದು ಲೇತ್ ಇದೆ, ಬೋರ್ಡೂ ಇಲ್ಲ, ಟಿಲ್ಲರ್ ಶಾಫ್ಟು, ಟ್ರ್ಯಾಕ್ಟರ್ ಬುಷ್ಷು, ಅಡಿಕೆ ಸುಲಿಯೋ ಮಷಿನ್ ಪಾರ್ಟ್ಸು ಮಾಡೋ ಜಾಗ. ಅಲ್ಲಿ ನನ್ನ ಏರ್ ರೈಫಲ್ಲಿಗೆ ಮುಂದ್ಗಡೆ ಇಡೋ ರೆಸ್ಟ್ ಮಾಡ್ಸಿದೀನಿ. ಬೆಂಚ್‌ರೆಸ್ಟ್ ಅಂದ್ರೆ ರೈಫಲ್ಲನ್ನ ಬೆಂಚಿನ ಮೇಲೆ ಕೂರ್ಸಿ ಗುರಿ ಹೊಡೆಯೋ ಆಟ. 25 ಮೀಟರಲ್ಲಿ ಐದು ಈಡು 13 ಮಿಲಿಮೀಟರ್ ಹರಡ್ತಿದ್ದಿದ್ದು ಈಗ 6-7ರೊಳಗೆ ಬರ್ತಿದೆ. ಅದೇ ರೈಫಲ್, ಅದೇ ಪೆಲೆಟ್ (ಸೀಸದ ಸಣ್ಣ ಗುಂಡು), ಅದೇ ನಾನು.

ಈ ಹುಚ್ಚು ಹತ್ತಿದ್ದು ವೈಲ್ಡ್‌ಕ್ಯಾಟ್ ಕಾಟ್ರಿಡ್ಜ್ ಬಗ್ಗೆ ಓದಿ. ಅಂದ್ರೆ ಯಾವ ಫ್ಯಾಕ್ಟರಿನೂ ಮಾಮೂಲಿಯಾಗಿ ಮಾಡದ ತೋಟೆ, ಇರೋ ಕೇಸಿನ (ತೋಟೆಯ ಲೋಹದ ಕೊಳವೆ) ಭುಜ, ಕುತ್ತಿಗೆ ಬದ್ಲಾಯ್ಸಿ ಶೂಟರ್‌ಗಳೇ ರೂಪಿಸಿಕೊಳ್ಳೋದು. ಅಮೆರಿಕದ ಲೂ ಪಾಲ್ಮಿಸಾನೋ, ಫೆರಿಸ್ ಪಿಂಡೆಲ್ ಅನ್ನೋ ಇಬ್ರು 1975ರ ಹೊತ್ತಿಗೆ .220 ರಷ್ಯನ್ ಅನ್ನೋ ತೋಟೆಯ ಕೇಸ್ ತಗೊಂಡು 6 ಪಿಪಿಸಿ ಅನ್ನೋ ಹೊಸ ತೋಟೆ ಮಾಡಿದ್ರು, ಗಿಡ್ಡ, ದಪ್ಪ ಕೇಸು, ಬೆಂಚ್‌ರೆಸ್ಟ್ ಆಟದ ದಿಕ್ಕೇ ಬದ್ಲಾಗೋಯ್ತು. ಅವ್ರ ಕೆಲ್ಸದಲ್ಲಿ ನಂಗೆ ಹಿಡಿಸಿದ್ದು ಒಂದೇ: ಒಂದು ಸಲಕ್ಕೆ ಒಂದೇ ವಿಷ್ಯ ಬದ್ಲಾಯ್ಸಿ, ಪೇಪರ್ ಮೇಲೆ ತೂತು ನೋಡಿ, ಆಮೇಲೆ ಮುಂದಿನದ್ದು. ನಮ್ಮಲ್ಲಿ ಲೈಸೆನ್ಸ್ ಇಲ್ದೆ ಕೋವಿನೋ ತೋಟೆನೋ ಮಾಡೋದು, ಮಾರ್ಪಡಿಸೋದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ, ಅದಕ್ಕೆ ಕೈ ಹಾಕೋ ಮಾತೇ ಇಲ್ಲ. 4.5 ಮಿಲಿಮೀಟರ್ ಒಳಗಿನ, 20 ಜೂಲ್ ಮೀರದ ಏರ್ ರೈಫಲ್ಲಿಗೆ ಮಾತ್ರ ಲೈಸೆನ್ಸ್ ಬೇಡ. ಸರಿ, ಆ ಶಿಸ್ತನ್ನೇ ಏರ್ ರೈಫಲ್ಲಿಗೆ ತಂದ್ರಾಯ್ತು ಅಂದ್ಕೊಂಡೆ.

ನಂದು ಪಿಸಿಪಿ, ಗಾಳಿ ತುಂಬ್ಸಿ ಹೊಡೆಯೋದು, ಸ್ಪ್ರಿಂಗ್ ರೈಫಲ್ ತರ ಒದೆಯಲ್ಲ, ಅದಕ್ಕೇ ಬೆಂಚಿಗೆ ಸರಿ. ಪೆಲೆಟ್ ಜೆಎಸ್‌ಬಿ ಎಕ್ಸಾಕ್ಟ್, ಒಂದೊಂದು 0.547 ಗ್ರಾಂ, ಸೆಕೆಂಡಿಗೆ 238 ಮೀಟರ್ ವೇಗ, ಲೆಕ್ಕ ಹಾಕಿದ್ರೆ 15 ಜೂಲ್ ಚಿಲ್ಲರೆ. ತೀರ್ಥಹಳ್ಳಿ ಹತ್ರ ನಮ್ಮನೆ ಅಂಗಳದ ತುದೀಲಿ ಕಲ್ಲಿನ ಬೆಂಚು, ಗುರಿ ಹಿಂದೆ ಎರಡಾಳೆತ್ತರದ ಧರೆ. ಪೆಲೆಟ್ ತೂಕ ಮಾಡಿ ವಿಂಗಡಿಸಿದೆ, ಬ್ಯಾರೆಲ್ ಕ್ಲೀನ್ ಮಾಡಿದೆ, ಕೋಲಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಗಾಳಿ ನೋಡೋದು ಕಲ್ತೆ, ಆದ್ರೂ 13ರಿಂದ ಕೆಳಗಿಳೀಲಿಲ್ಲ. ಕಾರಣ ಕೆಳಗಿದ್ದ ಮರಳಿನ ಚೀಲ. ಪ್ರತಿ ಈಡಿಗೂ ಚೂರು ಕುಸಿಯೋದು, ನಾನು ಭುಜದಲ್ಲಿ ಒತ್ತಿ ಗುರಿ ಸರಿ ಮಾಡೋದು, ಆ ಒತ್ತಡ ಒಂದ್ಸಲ ಇದ್ದಂಗೆ ಇನ್ನೊಂದ್ಸಲ ಇರ್ತಿರ್ಲಿಲ್ಲ.

ಹೋಗಿ ಚಿತ್ರ ತೋರಿಸ್ದಾಗ ಮೇಸ್ತ್ರಿ ಕೇಳಿದ್ ಮೊದ್ಲನೇ ಪ್ರಶ್ನೆನೇ, "ಗೌಡ್ರೇ, ಇದು ಕೋವಿ ಕೆಲ್ಸನಾ? ನಳಿಗೆ ಗಿಳಿಗೆ ಆದ್ರೆ ನಾನು ಮುಟ್ಟಲ್ಲ." ಅಲ್ಲ ಮೇಸ್ತ್ರಿ, ಬರೀ ಕೂರ್ಸೋ ಸ್ಟ್ಯಾಂಡು ಅಂದೆ. ಆ ಪ್ರಶ್ನೆ ಕೇಳಿದ್ದಕ್ಕೇ ನಂಗೆ ಅವ್ರ ಮೇಲೆ ನಂಬ್ಕೆ ಬಂತು.

ಈಗ ಮುಖ್ಯವಾದ ವಿಷ್ಯ, ಥ್ರೆಡ್ಡು. ಮೂರು ಕಾಲಿನ ಎಂಎಸ್ (ಮಾಮೂಲಿ ಉಕ್ಕು) ತಳ, ನಡುವೆ ಮೇಲೆ ಕೆಳಗೆ ಆಗೋ ಕಂಬ, ಅದನ್ನ ಎತ್ತೋಕೆ 20 ಎಂಎಂ ಸ್ಕ್ರೂ. ಅವ್ರು ಮಾಮೂಲಿ ಮಾಡೋ ತರ 2.5 ಮಿಲಿಮೀಟರ್ ಪಿಚ್ (ಒಂದು ಸುತ್ತಿಗೆ ಸ್ಕ್ರೂ ಏರೋ ಅಂತರ) ಹಾಕಿ ಕೊಟ್ರು. ಮುಂದಿನ ರೆಸ್ಟಿಗೂ ರೈಫಲ್ಲಿನ ಹಿಂತುದಿ ಕೆಳಗಿಡೋ ಚೀಲಕ್ಕೂ ನಡುವೆ 600 ಮಿಲಿಮೀಟರ್, ಹಂಗಾಗಿ ಒಂದು ಸುತ್ತು ತಿರುಗ್ಸಿದ್ರೆ ಮುಂದ್ಗಡೆ 2.5 ಏರುತ್ತೆ, 25 ಮೀಟರ್ ದೂರದ ಪೇಪರ್ ಮೇಲೆ ಗುರಿ 104 ಮಿಲಿಮೀಟರ್ ಹಾರುತ್ತೆ! ಕೈ ತಾಗಿದ್ರೆ ಸಾಕು, ಚುಕ್ಕೆ ದಾಟಿ ಹೋಗೋದು. ಈ ಲೆಕ್ಕವನ್ನ ಅಲ್ಲೇ ಅವ್ರ ಬೆಂಚ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸ್ದೆ, ಮೇಸ್ತ್ರಿ ಎರಡು ನಿಮಿಷ ಸುಮ್ನೆ ನೋಡಿ, "ಹಂಗಾದ್ರೆ ಸಣ್ಣ ಥ್ರೆಡ್ಡೇ ಬೇಕು, ಚಕ್ರ ದೊಡ್ಡದು ಮಾಡಾಣ" ಅಂದ್ರು. ಈಗಿರೋದು 1.5 ಪಿಚ್, ತಿರುಗ್ಸೋ ಚಕ್ರ ಊಟದ ತಟ್ಟೆ ಅರ್ಧದಷ್ಟು ಅಗಲ. 10 ಡಿಗ್ರಿ ತಿರುಗ್ಸಿದ್ರೆ ಪೇಪರ್ ಮೇಲೆ 2 ಮಿಲಿಮೀಟರ್ಗಿಂತ ಕಮ್ಮಿನೇ ಸರಿಯೋದು. ಇದು ಬಂದ್ಮೇಲೆ ಭುಜದಲ್ಲಿ ಒತ್ತೋದೇ ಬಿಟ್ಟೆ, ರೈಫಲ್ ತಾನಾಗೇ ಕೂತಿರುತ್ತೆ, ನಾನು ಟ್ರಿಗರ್ ಅಷ್ಟೇ ಮುಟ್ಟೋದು.

ಆದ್ರೆ ಕೆಲ್ಸ ಒಂದೇ ಸಲಕ್ಕೆ ಆಗ್ಲಿಲ್ಲ. ಹದಿನೈದು ದಿನ ಅಂದಿದ್ದು ಏಳು ವಾರ ಆಯ್ತು, ಅಡಿಕೆ ಕೊಯ್ಲು ಶುರುವಾದ್ರೆ ಸುಲಿಯೋ ಮಷಿನ್ನಿನ ರಿಪೇರಿನೇ ಅವ್ರಿಗೆ ಮೊದ್ಲು. ಎರಡನೇ ಸಲ ತಂದಾಗ ಕಂಬಕ್ಕೂ ಬುಷ್ಷಿಗೂ ನಡುವೆ ಪ್ಲೇ ಇತ್ತು, ಬೆರಳಲ್ಲಿ ಅಲ್ಲಾಡ್ಸಿದ್ರೆ ಟಕ್ ಅನ್ನೋದು. ಟ್ರ್ಯಾಕ್ಟರಿಗೆ ಅಷ್ಟು ಲೂಸ್ ಇರ್ಲೇಬೇಕು, ನಂಗೆ ಇರಬಾರ್ದು. ವಾಪಸ್ ಒಯ್ದೆ. ಒಂದ್ ಮಾತೂ ಆಡದೆ ಗನ್‌ಮೆಟಲ್ (ಕಂಚಿನ ಜಾತಿ ಲೋಹ) ಬುಷ್ ಹೊಸದಾಗಿ ಬೋರ್ ಮಾಡಿ, ಪಕ್ಕದಲ್ಲೊಂದು ಲಾಕ್ ಸ್ಕ್ರೂನೂ ಹಾಕಿದ್ರು, ಅದಕ್ಕೆ ಬೇರೆ ದುಡ್ಡು ತಗೊಳ್ಲಿಲ್ಲ.

ಹಿಂದಿನ ಚೀಲ ಬೈಕ್ ಸೀಟ್ ಕವರ್ ಹೊಲಿಯೋರ ಹತ್ರ ಹೊಲಿಸಿದ್ದು, ಒಳಗೆ ತೊಳೆದು ಒಣಗಿಸಿದ ಹೊಳೆ ಮರಳು. ಬೇಸಿಗೇಲಿ ಚೆನ್ನಾಗಿತ್ತು. ಮಳೆಗಾಲ ಹಿಡಿದಿದ್ದೇ ತಡ ಮರಳು ಥಂಡಿ ಎಳ್ಕೊಂಡು ಗಟ್ಟಿ ಆಯ್ತು, ಜಾರ್ಲಿ ಅಂತ ಹಚ್ಚಿದ್ದ ಪೌಡರ್ ಅಂಟಂಟಾಗಿ ರೈಫಲ್ ಜಾರೋದೇ ನಿಂತೋಯ್ತು, ಗ್ರೂಪ್ (ಐದು ಈಡಿನ ಹರಡು) ಮತ್ತೆ 10 ಮಿಲಿಮೀಟರ್ ಹತ್ರ ಹೋಯ್ತು. ಅಡಿಕೆ ಒಣಗ್ಸೋ ಡ್ರೈಯರ್ ರೂಮಲ್ಲಿ ಎರಡು ರಾತ್ರಿ ಇಟ್ಮೇಲೆ ಸರಿಹೋಯ್ತು, ಈಗ ಬಳಸ್ದೇ ಇದ್ದಾಗ ಡಬ್ಬಿಯೊಳಗೆ ಇಡ್ತೀನಿ. ಸ್ಟ್ಯಾಂಡಿಗೂ ಬಣ್ಣ ಹೊಡಿಸಿರ್ಲಿಲ್ಲ, ಜುಲೈ ಮುಗಿಯೋದ್ರೊಳಗೆ ಕಾಲೆಲ್ಲ ತುಕ್ಕು. ನೀವು ಮಾಡಿಸೋದಾದ್ರೆ ಪೌಡರ್ ಕೋಟಿಂಗ್ ಮೊದ್ಲೇ ಮಾಡ್ಸಿ, ಥ್ರೆಡ್ಡಿಗೆ ಮಾತ್ರ ಗ್ರೀಸ್.

ಒಟ್ಟು ನಾಲ್ಕು ಸಾವಿರದ ಎಂಟ್ನೂರು ಆಯ್ತು, ಚೀಲ ಬೇರೆ. ತೂಕ ಒಂಬತ್ತು ಕೇಜಿ, ಹೊತ್ಕೊಂಡು ಓಡಾಡೋಕೆ ಭಾರ, ಆದ್ರೆ ಅಲ್ಲಾಡ್ದೆ ಕೂರೋದೇ ಇದ್ರ ಕೆಲ್ಸ. ಪಕ್ಕಕ್ಕೆ ಸರಿಸೋ ಸ್ಕ್ರೂ ಇದ್ರಲ್ಲಿಲ್ಲ, ಅದೇ ಕೊರತೆ. 25 ಚುಕ್ಕೆ ಇರೋ ಕಾರ್ಡ್ ಹೊಡೆಯುವಾಗ ಒಂದು ಚುಕ್ಕೆಯಿಂದ ಪಕ್ಕದ್ದಕ್ಕೆ ಹೋಗೋಕೆ ಹಿಂದಿನ ಚೀಲವನ್ನೇ ಜರುಗಿಸ್ಬೇಕು, ಪ್ರತಿ ಸಲ ಸೆಟ್ಟಿಂಗ್ ಕೆಡುತ್ತೆ. ಅದನ್ನೂ ಮಾಡ್ಕೊಡಿ ಅಂತ ಹೋದ ವಾರ ಚಿತ್ರ ಕೊಟ್ಟು ಬಂದಿದೀನಿ. ಈ ಸಲ ಅಳತೆ ಜೊತೆಗೆ ಪಿಚ್ಚೂ ಬರೆದು ಕೊಟ್ಟಿದೀನಿ, ಮೇಸ್ತ್ರಿ ಅದನ್ನ ನೋಡಿ, "ಪ್ಲೇ ಇಲ್ದಂಗೆ ಮಾಡ್ತೀನಿ ಗೌಡ್ರೇ, ಕೊಯ್ಲು ಮುಗೀಲಿ" ಅಂದ್ರು.