ಹಳೆ ಒನ್‌ಪ್ಲಸ್ 6ಗೆ ಏನು ಹಾಕಬೇಕು: ಕಂಪನಿ ಸಾಫ್ಟ್‌ವೇರಾ, ಲಿನೇಜಾ, ಇ-ಓಎಸ್ಸಾ?

ಒನ್‌ಪ್ಲಸ್ 6 ಬಂದದ್ದು 2018ರ ಮೇ ತಿಂಗಳಲ್ಲಿ, ಆಂಡ್ರಾಯ್ಡ್ 8.1 ಜೊತೆ. ಕಂಪನಿ ಅದನ್ನು ಆಂಡ್ರಾಯ್ಡ್ 11ರ ತನಕ ತಂದು ನಿಲ್ಲಿಸಿತು. ಆದರೆ ಒಳಗಿರುವ ಸ್ನ್ಯಾಪ್‌ಡ್ರ್ಯಾಗನ್ 845 ಪ್ರೊಸೆಸರ್ ಇವತ್ತಿಗೂ ಗಟ್ಟಿಮುಟ್ಟಾಗಿದೆ, ಬ್ಯಾಟರಿ ಬದಲಾಯಿಸಿದ ಮೇಲಂತೂ ಇದನ್ನು ಮೂಲೆಗೆ ಎಸೆಯಲು ಕಾರಣವೇ ಕಾಣಲಿಲ್ಲ. ಹಾಗಾಗಿ ಒಂದೇ ಫೋನಿನಲ್ಲಿ ಮೂರು ದಾರಿ ಹಿಡಿದು ನೋಡಿದೆ. ಕಂಪನಿಯ ಆಕ್ಸಿಜನ್ ಓಎಸ್ ಉಳಿಸಿಕೊಂಡು ಬೇಡದ ಆ್ಯಪ್ ತೆಗೆಯುವುದು ಒಂದು, ಲಿನೇಜ್ ಓಎಸ್ ಹಾಕುವುದು ಇನ್ನೊಂದು, ಇ-ಓಎಸ್ ಹಾಕುವುದು ಮತ್ತೊಂದು. ಈ ಎರಡೂ ಆಂಡ್ರಾಯ್ಡ್ ಕೋಡ್ ಹಿಡಿದು ಕಂಪನಿಯ ಹೊರಗಿನವರು ಮಾಡಿದ ಸಾಫ್ಟ್‌ವೇರ್. ವೇಗ, ಅಂದಚಂದ ಎಲ್ಲ ಆಮೇಲೆ. ನಮ್ಮ ಕಡೆ ಇದನ್ನು ತೀರ್ಮಾನ ಮಾಡುವುದು ಬ್ಯಾಂಕ್ ಆ್ಯಪ್, ಅಷ್ಟೇ.

ಮೊದಲು ಸುಲಭದ್ದು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ ಚುಚ್ಚಿ, ಲ್ಯಾಪ್‌ಟಾಪ್‌ನಲ್ಲಿ ಯೂನಿವರ್ಸಲ್ ಆಂಡ್ರಾಯ್ಡ್ ಡಿಬ್ಲೋಟರ್ ತೆರೆಯಿರಿ. ಫೋನಿನಲ್ಲಿರುವ ಆ್ಯಪ್‌ಗಳನ್ನೆಲ್ಲ ಅದು 'ರೆಕಮೆಂಡೆಡ್'ನಿಂದ 'ಅನ್‌ಸೇಫ್' ತನಕ ವಿಂಗಡಿಸಿ ತೋರಿಸುತ್ತದೆ. ರೆಕಮೆಂಡೆಡ್ ಬಿಟ್ಟು ಬೇರೆ ಏನೂ ಮುಟ್ಟಬೇಡಿ. ರೂಟ್ (ಸಿಸ್ಟಮ್ ಮೇಲೆ ಪೂರ್ತಿ ಅಧಿಕಾರ) ಬೇಡ, ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಸಿಸ್ಟಮ್ ಎಬ್ಬಿಸುವ, ಬೇರೆ ಸಾಫ್ಟ್‌ವೇರ್ ಬಾರದಂತೆ ಬೀಗ ಹಾಕಿರುವ ಭಾಗ) ತೆರೆಯಬೇಕಿಲ್ಲ, ಡೇಟಾ ಹೋಗುವುದಿಲ್ಲ. ತೆಗೆದ ಆ್ಯಪ್‌ನ ಫೈಲು ಮಾತ್ರ ಸಿಸ್ಟಮ್ ಪಾರ್ಟಿಷನ್‌ನಲ್ಲಿ ಹಾಗೇ ಕೂತಿರುತ್ತದೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ವಾಪಸ್ ಬರುತ್ತದೆ. ಅಂದರೆ ಜಾಗ ಉಳಿಸಲು ಇದು ದಾರಿಯಲ್ಲ, ಹಿನ್ನೆಲೆಯಲ್ಲಿ ಓಡುವ ಗದ್ದಲ ಕಡಿಮೆ ಮಾಡಲು ದಾರಿ. ಕೆಲಸ ಮುಗಿದ ಮೇಲೆ ಡೆವಲಪರ್ ಆಪ್ಷನ್ಸ್ ಆಫ್ ಮಾಡಿ, ಯಾಕೆಂದರೆ ಅದು ಆನ್ ಇದ್ದರೇ ತೆರೆಯಲ್ಲ ಅನ್ನುವ ಬ್ಯಾಂಕ್ ಆ್ಯಪ್‌ಗಳಿವೆ.

ಕೊರತೆ ಒಂದೇ, ಆದರೆ ದೊಡ್ಡದು. ಸೆಕ್ಯುರಿಟಿ ಪ್ಯಾಚ್ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿರುತ್ತದೆ.

ಲಿನೇಜ್‌ಗೆ ಬರೋಣ. ಇಂಥದ್ದೇ ಹಳೆ ಸಾಫ್ಟ್‌ವೇರ್ ಸಯನೋಜೆನ್‌ಮಾಡ್ 2016ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ ಅದರ ಕೋಡ್ ಹಿಡಿದು ಹುಟ್ಟಿದ್ದು ಇದು. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಕೂಡಲೇ ಫೋನ್ ಪೂರ್ತಿ ಅಳಿಸಿಹೋಗುತ್ತದೆ, ಹಾಗಾಗಿ ಫೋಟೋಗಳ ಜೊತೆ ವಾಟ್ಸ್‌ಆ್ಯಪ್‌ನ ಲೋಕಲ್ ಬ್ಯಾಕಪ್ ಫೋಲ್ಡರನ್ನೂ ಮೊದಲೇ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಿ. ಈ ಫೋನಿನಲ್ಲಿ ಸಿಸ್ಟಮ್ ಕೂರಲು ಎರಡು ಜಾಗ, ಅಂದರೆ ಸ್ಲಾಟ್ ಇವೆ, ಎ ಮತ್ತು ಬಿ. ಒಂದರಲ್ಲಿ ಹೊಸ ಫರ್ಮ್‌ವೇರ್ (ಹಾರ್ಡ್‌ವೇರ್ ನಡೆಸುವ ಒಳಗಿನ ಸಾಫ್ಟ್‌ವೇರ್), ಇನ್ನೊಂದರಲ್ಲಿ ಹಳೆಯದು ಇರುವ ಸಾಧ್ಯತೆ ಇರುವುದರಿಂದ, ಎರಡನ್ನೂ ಒಂದೇ ಮಾಡುವ ಕಾಪಿ-ಪಾರ್ಟಿಷನ್ಸ್ ಅನ್ನುವ ಜಿಪ್ ಫೈಲನ್ನು ಮೊದಲು ಕಳಿಸಬೇಕು ಅಂತ ಲಿನೇಜ್‌ನ ವಿಕಿಯಲ್ಲೇ ಬರೆದಿದೆ. ಅವಸರದಲ್ಲಿ ಜನ ಹಾರಿಸುವ ಹೆಜ್ಜೆ ಇದೇ. ಹಾರಿಸಬೇಡಿ.

ಆಮೇಲೆ ಸೈಡ್‌ಲೋಡ್, ಅಂದರೆ ಲಿನೇಜ್ ಫೈಲನ್ನು ಲ್ಯಾಪ್‌ಟಾಪ್‌ನಿಂದ ಕೇಬಲ್ ಮೂಲಕ ಫೋನಿಗೆ ಕಳಿಸುವುದು. ಲ್ಯಾಪ್‌ಟಾಪ್ ಪರದೆಯಲ್ಲಿ ಶೇಕಡಾವಾರು ಏರುತ್ತಾ ಹೋಗಿ ಕೆಲವೊಮ್ಮೆ 47ಕ್ಕೆ ಗಕ್ಕನೆ ನಿಂತುಬಿಡುತ್ತದೆ. ಕೆಲವು ಸಲ ಅದರ ಕೆಳಗೆ 'ಫೇಲ್ಡ್' ಅಂತಲೂ ಬಂದು, ಅದೇ ಸಾಲಿನ ಕೊನೆಗೆ 'ಸಕ್ಸೆಸ್' ಅಂತಲೂ ಇರುತ್ತದೆ! ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಏನೂ ಆಗಿರುವುದಿಲ್ಲ. ಕೇಬಲ್ ಕೀಳದೆ ಫೋನಿನ ಪರದೆ ನೋಡುತ್ತಾ ಸುಮ್ನೆ ಇರಿ, ಕೆಲಸ ಅಲ್ಲಿ ಮುಗಿಯುತ್ತದೆ. ಗೂಗಲ್ ಆ್ಯಪ್‌ಗಳು ಬೇಕಿದ್ದರೆ ಮೊದಲ ಸಲ ಫೋನ್ ಆನ್ ಆಗುವ ಮುಂಚೆಯೇ ಮೈಂಡ್ ದಿ ಗ್ಯಾಪ್ಸ್ ಅನ್ನುವ ಗೂಗಲ್ ಆ್ಯಪ್‌ಗಳ ಕಟ್ಟನ್ನು ಹಾಕಬೇಕು, ಅದಕ್ಕೂ ಮುಂಚೆ ರಿಕವರಿಯನ್ನು (ಸಿಸ್ಟಮ್ ಹಾಕಲು ಇರುವ ಪುಟ್ಟ ಮೆನು) ಒಮ್ಮೆ ರೀಬೂಟ್ ಮಾಡಬೇಕು, ಇಲ್ಲದಿದ್ದರೆ ಅದು ತಪ್ಪು ಸ್ಲಾಟಿಗೆ ಹೋಗುತ್ತದೆ. ಈ ಫೈಲಿನ ಡಿಜಿಟಲ್ ಸಹಿ ಹೊಂದುತ್ತಿಲ್ಲ, ಆದರೂ ಹಾಕಲೇ ಅಂತ ರಿಕವರಿ ಕೇಳುತ್ತದೆ. ಅದು ಲಿನೇಜ್‌ನವರು ಸಹಿ ಮಾಡಿದ ಫೈಲ್ ಅಲ್ಲವಾದ್ದರಿಂದ ಹಾಗೆ, ಯೆಸ್ ಒತ್ತಿ ಮುಂದೆ ಹೋಗಿ.

ಇಷ್ಟೆಲ್ಲ ಒಂದೇ ಸಲದ ಪಾಡು. ಆಮೇಲಿನದು ಹಾಯಾಗಿದೆ. ಲಿನೇಜ್‌ನಲ್ಲಿ ಸಾಮಾನ್ಯವಾಗಿ ವಾರಕ್ಕೊಂದು ಬಿಲ್ಡ್ ಬರುತ್ತದೆ. ನೀವು ಫೋನ್ ಬಳಸುತ್ತಿರುವಾಗಲೇ ಅದು ಖಾಲಿ ಇರುವ ಸ್ಲಾಟ್‌ನಲ್ಲಿ ಕೂರುತ್ತದೆ, ರೀಬೂಟ್ ಮಾಡಿದರೆ ಹೊಸದು, ಹೊಸದು ಏಳದಿದ್ದರೆ ಫೋನ್ ಹಳೆ ಸ್ಲಾಟಿಗೆ ಮರಳುತ್ತದೆ. ಆಂಡ್ರಾಯ್ಡ್ 11ರಲ್ಲಿ ನಿಂತಿದ್ದ ಫೋನಿನಲ್ಲಿ ಆಂಡ್ರಾಯ್ಡ್ 15 ಆಧಾರದ ಲಿನೇಜ್ 22 ಓಡುವಾಗ ಸ್ಕ್ರಾಲ್ ಮಾಡುವುದರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಆಂಡ್ರಾಯ್ಡ್ ಪ್ಯಾಚ್ ಹೊಸದಾದರೂ ಮೋಡೆಮ್, ಬೂಟ್‌ಲೋಡರ್‌ನಂಥ ವೆಂಡರ್ ಫರ್ಮ್‌ವೇರ್ ಕಂಪನಿ ಬಿಟ್ಟ ಕಡೆಯೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎರಡು ತಾರೀಖು ಬೇರೆ ಬೇರೆಯಾಗಿ ಕಾಣುತ್ತವೆ, ನೋಡಿಕೊಳ್ಳಿ. ಪೂರ್ತಿ ಭದ್ರ ಆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕ್ಯಾಮೆರಾದಲ್ಲಿ ಮಾತ್ರ ಕಂಪನಿಯದ್ದೇ ಮೇಲು. ಲಿನೇಜ್‌ನ ಅಪರ್ಚರ್ ಆ್ಯಪ್ ಚೊಕ್ಕವಾಗಿದೆ, ಆದರೆ ಆಕ್ಸಿಜನ್ ಓಎಸ್‌ನ ನೈಟ್‌ಸ್ಕೇಪ್ ಇಲ್ಲ, ಕತ್ತಲಲ್ಲಿ ತೆಗೆದ ಫೋಟೋ ಮಂಕು.

ಇ-ಓಎಸ್ ಹುಟ್ಟುಹಾಕಿದ್ದು ಮ್ಯಾಂಡ್ರೇಕ್ ಲಿನಕ್ಸ್ ಮಾಡಿದ ಗಾಯಲ್ ಡುವಾಲ್. ಅಡಿಪಾಯ ಲಿನೇಜ್‌ದೇ, ಹಾಗಾಗಿ ಹಾಕುವ ಕ್ರಮದಲ್ಲಿ ಜಾಸ್ತಿ ಫರಕಿಲ್ಲ. ಗೂಗಲ್ ಪ್ಲೇ ಸರ್ವಿಸಸ್ ಜಾಗದಲ್ಲಿ ಅದರ ಮುಕ್ತ ಬದಲಿಯಾದ ಮೈಕ್ರೋಜಿ ಇದೆ. ಆ್ಯಪ್ ಲೌಂಜ್ ಅನ್ನುವ ಅದರ ಸ್ಟೋರ್ ಮೂಲಕ ಗೂಗಲ್ ಖಾತೆ ಇಲ್ಲದೆಯೇ ಪ್ಲೇ ಸ್ಟೋರ್ ಆ್ಯಪ್‌ಗಳು ಸಿಗುತ್ತವೆ, ಪ್ರತಿಯೊಂದರಲ್ಲಿ ಎಷ್ಟು ಟ್ರ್ಯಾಕರ್ ಇವೆ ಅಂತಲೂ ತೋರಿಸುತ್ತದೆ. ಆ ಸಂಖ್ಯೆಗಳನ್ನು ನೋಡುತ್ತಾ ಕೂತರೆ ಟಾರ್ಚ್ ಆ್ಯಪ್‌ಗೆ ಇಷ್ಟೆಲ್ಲ ಯಾಕೆ ಅಂತ ನಗು ಬರುತ್ತದೆ. ಅಡ್ವಾನ್ಸ್ಡ್ ಪ್ರೈವಸಿ ಅನ್ನುವ ಕಡೆ ಟ್ರ್ಯಾಕರ್ ತಡೆಯಬಹುದು, ಸುಳ್ಳು ಲೊಕೇಶನ್ ಕೊಡಬಹುದು. ಆದರೆ ಗೂಗಲ್ ಪೂರ್ತಿ ಹೋಯಿತು ಅಂತಲ್ಲ, ನೋಟಿಫಿಕೇಶನ್ ಬರಬೇಕಾದರೆ ಮೈಕ್ರೋಜಿ ಕೂಡ ಗೂಗಲ್ ಸರ್ವರ್ ಬಾಗಿಲನ್ನೇ ತಟ್ಟಬೇಕು. ಅಪ್‌ಡೇಟ್ ಲಿನೇಜ್‌ನಷ್ಟು ಬೇಗ ಬೇಗ ಬರುವುದಿಲ್ಲ. ಆಟೋ ಕರೆಯುವ ಆ್ಯಪ್ ಒಂದರಲ್ಲಿ ನಕ್ಷೆ ಅರ್ಧಂಬರ್ಧ ಬಂತು. ಎಲ್ಲ ಐಕಾನ್ ಮುಖಪುಟದಲ್ಲೇ ಹರಡಿಕೊಳ್ಳುವ ಅದರ ಲಾಂಚರ್ ನನಗೆ ಹಿಡಿಸಲಿಲ್ಲ, ಅದು ಬದಲಾಯಿಸಬಹುದಾದ ವಿಷಯ ಬಿಡಿ.

ಈಗ ಬ್ಯಾಂಕ್. ಬೂಟ್‌ಲೋಡರ್ ತೆರೆದ ಫೋನ್, ಸಾಫ್ಟ್‌ವೇರ್ ಅಸಲಿಯೇ ಅಂತ ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ 'ಡಿವೈಸ್' ಮಟ್ಟ ದಾಟುವುದಿಲ್ಲ. ಆ ಫಲಿತಾಂಶವನ್ನು ಯಾವ ಆ್ಯಪ್ ಕೇಳುತ್ತದೆ, ಯಾವುದು ಕೇಳುವುದಿಲ್ಲ ಅನ್ನುವುದು ಆ್ಯಪ್ ಮಾಡಿದವರ ಇಷ್ಟ. ನನ್ನ ಒಂದು ಬ್ಯಾಂಕಿನ ಆ್ಯಪ್ ಲಿನೇಜ್‌ನಲ್ಲೂ ಇ-ಓಎಸ್‌ನಲ್ಲೂ ತಕರಾರಿಲ್ಲದೆ ತೆರೆಯಿತು, ಇನ್ನೊಂದು ಬ್ಯಾಂಕಿನದು ಎರಡರಲ್ಲೂ ನಿಮ್ಮ ಫೋನ್ ರೂಟ್ ಆಗಿದೆ ಅಂತ ಮುಖ ತಿರುಗಿಸಿತು. ರೂಟ್ ಮಾಡಿಯೇ ಇರಲಿಲ್ಲ! ಮ್ಯಾಜಿಸ್ಕ್ ಅನ್ನುವ ರೂಟ್ ಸಾಧನ ಹಾಕಿ, ಅದರ ಮೇಲೆ ಮಾಡ್ಯೂಲ್ ಹಾಕಿ ಬೂಟ್‌ಲೋಡರ್ ತೆರೆದದ್ದನ್ನು ಮುಚ್ಚಿಡಬಹುದು ಅನ್ನುವವರಿದ್ದಾರೆ. ಅದೊಂದು ಮುಗಿಯದ ಕಣ್ಣಾಮುಚ್ಚಾಲೆ. 2025ರ ಮೇ ತಿಂಗಳಿಂದ ಆಂಡ್ರಾಯ್ಡ್ 13 ಮತ್ತು ಮೇಲಿನವುಗಳಲ್ಲಿ ಈ ಪರೀಕ್ಷೆ ಹಾರ್ಡ್‌ವೇರ್ ಮಟ್ಟಕ್ಕೇ ಇಳಿದಿದೆ. ಜೊತೆಗೆ ಪ್ರತಿ ಅಪ್‌ಡೇಟ್‌ಗೂ ರೀಬೂಟ್ ಮಾಡುವ ಮುಂಚೆ ಮ್ಯಾಜಿಸ್ಕನ್ನು ಇನ್ನೊಂದು ಸ್ಲಾಟಿಗೆ ಸೇರಿಸಲು ನೆನಪಿಟ್ಟುಕೊಳ್ಳಬೇಕು. ತಿಂಗಳ ಬಾಡಿಗೆ ಕಳಿಸುವ ಫೋನಿನಲ್ಲಿ ಇದೆಲ್ಲ ಬೇಡ ಅಂತ ನನ್ನ ಅಭಿಪ್ರಾಯ.

ಬ್ಯಾಂಕ್ ಕೆಲಸ ಬೇರೆ ಫೋನಿನಲ್ಲಿ ಮಾಡಿಕೊಂಡರಾಯಿತು ಅನ್ನುವವರು ಯುಪಿಐ ಮರೆಯಬೇಡಿ. ನೋಂದಾಯಿಸುವಾಗ ಅದು ಆ ಫೋನಿನ ಸಿಮ್‌ನಿಂದಲೇ ಎಸ್‌ಎಂಎಸ್ ಕಳಿಸುತ್ತದೆ, ಅಂದರೆ ಸಿಮ್ ಯಾವ ಫೋನಿನಲ್ಲಿದೆಯೋ ಯುಪಿಐ ಅಲ್ಲೇ. ಸಿಮ್ ಅಂದಾಗ ಇನ್ನೊಂದು. ಜಿಯೋದಲ್ಲಿ ಕೆಳಗಿಳಿಯಲು 2ಜಿ, 3ಜಿ ಇಲ್ಲ. ಹಾಕುವ ಸಾಫ್ಟ್‌ವೇರ್‌ನಲ್ಲಿ ವೋಲ್ಟಿ (4ಜಿ ಮೇಲೆ ಹೋಗುವ ಕರೆ) ಕೆಲಸ ಮಾಡದಿದ್ದರೆ ಮಾಮೂಲಿ ಕರೆಯೇ ಹೋಗುವುದಿಲ್ಲ. ಒನ್‌ಪ್ಲಸ್ 6ರಲ್ಲಿ ಲಿನೇಜ್, ಇ-ಓಎಸ್ ಎರಡರಲ್ಲೂ ಕರೆ ಸರಿಯಾಗಿ ಹೋಯಿತು. ನಿಮ್ಮ ಮಾಡೆಲ್‌ನದ್ದು ಮೊದಲೇ ವಿಚಾರಿಸಿ.

ಕನ್ನಡದ ಮಟ್ಟಿಗೆ ಮೂರರಲ್ಲೂ ಅಕ್ಷರ ಚೆನ್ನಾಗಿ ಮೂಡುತ್ತದೆ, ಒತ್ತಕ್ಷರ ಒಡೆಯುವ ಕಾಲ ಹೋಯಿತು. ಲಿನೇಜ್ ಜೊತೆ ಬರುವ ಕೀಬೋರ್ಡ್‌ನಲ್ಲಿ ಕನ್ನಡ ಇದೆ, ಆದರೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಸುವ, ಮಾತಾಡಿ ಬರೆಸುವ ಸೌಕರ್ಯ ಬೇಕಿದ್ದರೆ ಜಿಬೋರ್ಡ್ ಹಾಕಿಕೊಳ್ಳಬೇಕಾಗುತ್ತದೆ.

ನನ್ನ ಲೆಕ್ಕ ಇಷ್ಟು. ಮನೆಯ ಹಿರಿಯರ ಫೋನು, ಅಥವಾ ಇರುವ ಒಂದೇ ಫೋನು ಇನ್ನೂ ಪ್ಯಾಚ್ ಪಡೆಯುತ್ತಿದ್ದರೆ ಬೇಡದ ಆ್ಯಪ್ ತೆಗೆದು ಸುಮ್ಮನಿರಿ. ಪ್ಯಾಚ್ ನಿಂತು ವರ್ಷಗಳಾಗಿ, ನಿಮ್ಮ ಬ್ಯಾಂಕ್ ಆ್ಯಪ್ ತಕರಾರು ಮಾಡದಿದ್ದರೆ ರೂಟ್ ಇಲ್ಲದ ಲಿನೇಜ್. ನನ್ನ ಒನ್‌ಪ್ಲಸ್‌ನಲ್ಲಿ ಈಗ ಇರುವುದು ಅದೇ, ಮುಖ ತಿರುಗಿಸಿದ ಬ್ಯಾಂಕಿನ ಕೆಲಸವನ್ನು ಬ್ರೌಸರ್‌ನಲ್ಲಿ ಮುಗಿಸುತ್ತೇನೆ. ಗೂಗಲ್ ಖಾತೆಯೇ ಬೇಡ ಅನ್ನುವ ಹಟ ಇದ್ದವರಿಗೆ ಇ-ಓಎಸ್. ಭದ್ರತೆಗೆ ಒತ್ತು ಕೊಡುವ ಗ್ರಾಫೀನ್ ಓಎಸ್ ಯಾಕೆ ಸೇರಿಸಿಲ್ಲ ಅಂತ ಕೇಳುವ ಮುಂಚೆ ಹೇಳಿಬಿಡುತ್ತೇನೆ: ಅದು ಹೋಗುವುದು ಗೂಗಲ್‌ನ ಪಿಕ್ಸೆಲ್ ಫೋನ್‌ಗಳಿಗೆ, ಅಲ್ಲಿ ಬೂಟ್‌ಲೋಡರ್ ಮತ್ತೆ ಲಾಕ್ ಮಾಡಬಹುದು, ಆಟದ ನಿಯಮವೇ ಬೇರೆ, ಮತ್ತೆ ನನ್ನ ಹತ್ರ ಪಿಕ್ಸೆಲ್ ಇಲ್ಲ.