ಪರ್ಮಾಕಲ್ಚರ್ ವರ್ಕ್‌ಶಾಪ್: ನೀರಿನ ಪಾಠಕ್ಕೆ ಫುಲ್ ಮಾರ್ಕ್ಸ್, ಹಂಚಿಕೆಗೆ ಪಾಸ್ ಮಾರ್ಕ್ಸೂ ಇಲ್ಲ

ಕನಕಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ತೋಟದಲ್ಲಿ ಶನಿವಾರ, ಭಾನುವಾರ ನಡೆದ ಪರ್ಮಾಕಲ್ಚರ್ ವರ್ಕ್‌ಶಾಪ್ ಇದು. ಪರ್ಮಾಕಲ್ಚರ್ ಅಂದರೆ ಪ್ರಕೃತಿಯನ್ನು ನೋಡಿ ಕಲಿತು, ನೀರು, ಮಣ್ಣು, ಗಿಡ ಒಂದಕ್ಕೊಂದು ನೆರವಾಗುವ ಹಾಗೆ ತೋಟ ರೂಪಿಸುವ ಪದ್ಧತಿ. ತೋಟದ ಹೆಸರು ಹಾಕುತ್ತಿಲ್ಲ, ಕೆಳಗೆ ಸ್ವಲ್ಪ ಬೈಯುವುದಿದೆ. ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆ. ತಾರಸಿ ಮೇಲೆ ಕುಂಡಗಳು, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದಿಷ್ಟು ಮಣ್ಣು. ಇಷ್ಟಕ್ಕೆ ಅದೆಲ್ಲ ಬೇಕಾ ಅಂತ ನಮ್ಮ ಯಜಮಾನರು ಕೇಳಿದ್ದರು. ಬೇಕಿತ್ತು.

ಮೊದಲ ದಿನ ಬೆಳಗ್ಗೆ ಪೂರ್ತಿ ಸ್ಲೈಡು. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1970ರ ದಶಕದಲ್ಲಿ ಪರ್ಮಾಕಲ್ಚರ್ ಶುರು ಮಾಡಿದ್ದು, ಅದರ ಮೂರು ನೀತಿಗಳು: ಭೂಮಿಯನ್ನು ನೋಡಿಕೋ, ಜನರನ್ನು ನೋಡಿಕೋ, ಮಿಕ್ಕಿದ್ದನ್ನು ಹಂಚಿಕೋ. ಆಮೇಲೆ ಹೋಮ್‌ಗ್ರೆನ್ ಪಟ್ಟಿ ಮಾಡಿದ 12 ಸೂತ್ರಗಳು. ತಗಡಿನ ಶೆಡ್ಡಿನಲ್ಲಿ ಕೂತು ಊಟಕ್ಕೆ ಮುಂಚೆ 12 ಸೂತ್ರ ಕೇಳುವುದು ಕಷ್ಟ ಅಲ್ವಾ? ನನಗೆ ಉಳಿದಿದ್ದು ಮೊದಲನೆಯದು. ಜಾಗವನ್ನು ಚೆನ್ನಾಗಿ ನೋಡಿ, ಆಮೇಲೆ ಕೈ ಹಾಕಿ.

ಮಧ್ಯಾಹ್ನ ಹೊರಗೆ ಕರೆದುಕೊಂಡು ಹೋದರು. ಕೊಟ್ಟ ಕಾಸು ವಸೂಲಾಗಿದ್ದು ಅಲ್ಲಿಯೇ. ಮೂರು ಬಿದಿರು ಕೋಲು ಕಟ್ಟಿ ಇಂಗ್ಲಿಷಿನ 'ಎ' ಅಕ್ಷರದ ಥರ ಒಂದು ಚೌಕಟ್ಟು. ತುದಿಯಿಂದ ದಾರ, ದಾರಕ್ಕೆ ಒಂದು ಕಲ್ಲು. ನೆಲದ ಮೇಲೆ ನಿಲ್ಲಿಸಿ, ಅಡ್ಡಕೋಲಿನಲ್ಲಿ ದಾರ ಮುಟ್ಟಿದ ಕಡೆ ಗುರುತು. ಎರಡೂ ಕಾಲು ಅದಲು ಬದಲು ಮಾಡಿ ಇನ್ನೊಂದು ಗುರುತು. ಎರಡು ಗುರುತುಗಳ ಸರಿಯಾಗಿ ಮಧ್ಯಕ್ಕೆ ದಾರ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಎಂದರ್ಥ. ಹಾಗೇ ಹೆಜ್ಜೆ ಹಾಕಿಸುತ್ತಾ ಗೂಟ ಹೊಡೆದರೆ ಇಳಿಜಾರಿನ ಅಡ್ಡಕ್ಕೆ ಸಮಮಟ್ಟದ ಗೆರೆ ಸಿಗುತ್ತದೆ. ಆ ಗೆರೆಯಲ್ಲಿ ಕಂದಕ ತೋಡಿ, ಮಣ್ಣನ್ನು ಕೆಳಬದಿಗೆ ಹಾಕಿ ಬದು ಮಾಡಬೇಕು. ಮಳೆ ನೀರು ಓಡಿಹೋಗದೆ ಅಲ್ಲೇ ಇಂಗುತ್ತದೆ. ಹಳೆಯ ಬದುಗಳ ಮೇಲೆ ನುಗ್ಗೆ, ಪಪ್ಪಾಯಿ, ಗೊಬ್ಬರದ ಗಿಡ ಸೊಂಪಾಗಿ ಬಂದಿದ್ದವು.

ನಾವು ಗೂಟ ಹೊಡೆಯುತ್ತಿದ್ದಾಗ ಕಳೆ ಕೀಳುತ್ತಿದ್ದ ಒಬ್ಬ ಅಮ್ಮ ತಲೆ ಎತ್ತಿ, "ಅಕ್ಕಾ, ಆ ಹೊಂಗೆ ಮರದ ತಾವ ನೀರು ನುಗ್ಗುತ್ತೆ, ಅಲ್ಲಿ ಬದು ನಿಲ್ಲಕ್ಕಿಲ್ಲ" ಎಂದರು. ಟ್ರೈನರ್ ನಕ್ಕು ಮುಂದೆ ಹೋದರು. ನಾನು ಹೋಗಿ ನೋಡಿದೆ. ಬದು ಅಲ್ಲೇ ಕೊಚ್ಚಿಹೋಗಿತ್ತು, ಕಲ್ಲು ಪೇರಿಸಿ ಮುಚ್ಚಿದ್ದರು. ಜಾಗ ನೋಡುವುದು ಅಂದರೆ ಆ ಅಮ್ಮನನ್ನು ಕೇಳುವುದೂ ಸೇರಬೇಕಿತ್ತು. ಸ್ಲೈಡಿನಲ್ಲಿ ಜನರನ್ನು ನೋಡಿಕೋ ಅಂತ ದೊಡ್ಡ ಅಕ್ಷರದಲ್ಲಿ ಇತ್ತು ಬೇರೆ.

ಮೂರನೇ ನೀತಿಗೆ ಐದು ನಿಮಿಷವೂ ಸಿಗಲಿಲ್ಲ. ಹೊರಡುವಾಗ ಅದೇ ತೋಟದ ಅವರೆ ಬೀಜ ಕೇಳಿದರೆ ಪುಟ್ಟ ಪೊಟ್ಟಣಕ್ಕೆ 80 ರೂಪಾಯಿ. ಅವರೂ ಬದುಕಬೇಕು, ಒಪ್ಪುತ್ತೇನೆ. ಆದರೆ ಫೀಸು ಕಟ್ಟಿದವರಿಗೆ ಒಂದು ಹಿಡಿ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ಎರಡನೇ ದಿನದ ಗೊಬ್ಬರದ ಕ್ಲಾಸು ಸುಮಾರು, ಯೂಟ್ಯೂಬಿನಲ್ಲೇ ಸಿಗುವಷ್ಟು. ತಾರಸಿ ಲೆಕ್ಕ ಮಾತ್ರ ಉಪಯೋಗಕ್ಕೆ ಬಂತು. ಸಾವಿರ ಚದರಡಿ ತಾರಸಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ 900 ಲೀಟರಿಗೂ ಜಾಸ್ತಿ ನೀರು. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರಿಗೆ ಕಾದವರಿಗೆ ಇದು ಚುರುಕ್ ಅನ್ನುತ್ತದೆ. ಬಟ್ಟೆ ಕಲ್ಲಿನ ಪಕ್ಕ ಈಗ ಇಂಗುಗುಂಡಿ ತೋಡಿಸುತ್ತಿದ್ದೇವೆ.

ಊರಲ್ಲಿ ಒಂದೆರಡು ಎಕರೆ ಇಳಿಜಾರು ಜಮೀನು ಇದ್ದವರು ಖಂಡಿತ ಹೋಗಿ. ಕುಂಡ ಮಾತ್ರ ಇದ್ದವರು ಒಂದೇ ದಿನಕ್ಕೆ ಸೇರಿಸಿಕೊಳ್ಳುತ್ತಾರಾ ಕೇಳಿ ನೋಡಿ. ಬಸ್ಸಾರು, ಮುದ್ದೆ ಊಟ ತುಂಬಾ ಚೆನ್ನಾಗಿತ್ತು. ಟಾಯ್ಲೆಟ್ ದೂರ, ರಾತ್ರಿ ಉಳಿಯುವವರು ಟಾರ್ಚ್ ತಗೊಂಡು ಹೋಗಿ.